ಕೆಮ್ಮಿಲ್ಲದವನಿಗೇಕೆ ಕ್ಷಯದ ಔಷಧ?

ಮಗನನ್ನೋ ಮಗಳನ್ನೋ ಸಮುದ್ರದಾಚೆಗೆ ಕಳುಹಿಸಿಕೊಟ್ಟಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಈಗ ವಿರಳರಲ್ಲ. ಅಂತಹ ಮನೆಗಳಲ್ಲಿ ಭಾನುವಾರದ ಸಂಜೆಗೆ ಒಂದು ವಿಶೇಷವುಂಟು. ಅಂದು ಮಕ್ಕಳ ದೂರವಾಣಿಯ ಕರೆ ಬರುತ್ತದೆ. ಅಡಿಗೆಯ ಮಾತು, ಚಳಿಯ ಮಾತು, ಬಾಡಿಗೆಯ ಮಾತು ಎಲ್ಲವೂ ಮುಗಿದ ಮೇಲೆ, ಮುಖ್ಯವಾದ ಮಾತು ಕಟ್ಟಕಡೆಗೆ ಹೊರಬೀಳುವುದು ವಾಡಿಕೆ. ಅಂತಹ ಒಂದು ಸಂಭಾಷಣೆಯನ್ನು ನಾವು ಇಲ್ಲಿ ಊಹಿಸಿ ಬರೆಯುತ್ತೇವೆ. ಇದು ಯಾವ ಒಂದು ಮನೆಯದೂ ಅಲ್ಲ. ಎಷ್ಟೋ ಮನೆಗಳಲ್ಲಿ ನಡೆಯಬಹುದಾದುದು. ಮಗ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಓದುತ್ತಿದ್ದಾನೆ, ತಂದೆತಾಯಿಗಳು ಹಾಸನದಲ್ಲಿದ್ದಾರೆ.

“ಅಮ್ಮ, ಇಲ್ಲಿ ನನ್ನ ರಕ್ತ ಪರೀಕ್ಷೆ ಮಾಡಿದರು. ಒಳಗೆ ಕ್ಷಯದ ಸೋಂಕು ಇದೆಯಂತೆ. ಮೂರು ತಿಂಗಳು ಗುಳಿಗೆ ತೆಗೆದುಕೊಳ್ಳಬೇಕಂತೆ.”

“ಅಯ್ಯೋ ಕಂದ! ಕೆಮ್ಮು ಇದೆಯೇನೋ? ಸಂಜೆ ಹೊತ್ತು ಜ್ವರ ಬರುತ್ತದೆಯೇ?”

“ಏನೂ ಇಲ್ಲಮ್ಮ. ಚೆನ್ನಾಗಿಯೇ ಇದ್ದೇನೆ. ನಿನ್ನೆ ಕ್ರಿಕೆಟ್ಟೂ ಆಡಿ ಬಂದೆ.”

ಅಷ್ಟರಲ್ಲಿ ತಂದೆ ಮಾತಿಗೆ ಬರುತ್ತಾರೆ. “ಅಲ್ಲಪ್ಪ, ಎದೆಯ ಚಿತ್ರ ತೆಗೆಸಿ ನೋಡಿಯೇ ಅಲ್ಲವೇ ನಿನಗೆ ವೀಸಾ ಕೊಟ್ಟದ್ದು? ಹುಟ್ಟಿದಾಗಲೇ ಬಿ.ಸಿ.ಜಿ. ಹಾಕಿಸಿದ್ದೇವೆ, ಅದರ ಕಲೆ ನಿನ್ನ ತೋಳಿನಲ್ಲೇ ಇದೆ. ಸುಮ್ಮನೆ ಉಷ್ಣದ ಔಷಧ ನುಂಗಿ ಮೈ ಕೆಡಿಸಿಕೊಳ್ಳಬೇಡ. ಸಂಕ್ರಾಂತಿಗೆ ಬರುತ್ತೀಯಲ್ಲ, ಆಗ ನಮ್ಮ ಡಾಕ್ಟರಿಗೇ ತೋರಿಸೋಣ.”

ಮಗ “ಆಗಲಪ್ಪ” ಎನ್ನುತ್ತಾನೆ. ಗುಳಿಗೆಯ ಪೆಟ್ಟಿಗೆ ಮೇಜಿನ ಸೆಳೆಖಾನೆಯನ್ನು ಸೇರುತ್ತದೆ.

ಈ ಮಾತುಗಳಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಇವುಗಳಲ್ಲಿ ನಾಲ್ಕು ತಪ್ಪು ತಿಳಿವಳಿಕೆಗಳು ಸೇರಿಕೊಂಡಿವೆ. ಕೆಮ್ಮಿಲ್ಲದವನಿಗೆ ಔಷಧ ಬೇಡವೆಂಬುದು ಒಂದು, ಎದೆಯ ಚಿತ್ರ ಶುದ್ಧವಾಗಿದ್ದರೆ ಸೋಂಕಿಲ್ಲವೆಂಬುದು ಎರಡು, ಬಿ.ಸಿ.ಜಿ. ಹಾಕಿಸಿಕೊಂಡವನಿಗೆ ಭಯವಿಲ್ಲವೆಂಬುದು ಮೂರು. ಈ ಗುಳಿಗೆಯನ್ನು ಮುಂದಕ್ಕೆ ಹಾಕಿದರೆ ನಷ್ಟವಿಲ್ಲವೆಂಬುದು ನಾಲ್ಕು. ಪರದೇಶದಲ್ಲಿ ನೆಲಸಿದವರು ಈ ಚಿಕಿತ್ಸೆಯನ್ನು ಏಕೆ ಆರಂಭಿಸುವುದಿಲ್ಲ, ಆರಂಭಿಸಿದವರು ಏಕೆ ನಡುವೆ ಬಿಡುತ್ತಾರೆ ಎಂಬುದನ್ನು ವೈದ್ಯರು ಬಹು ಕಾಲದಿಂದ ವಿಚಾರಿಸುತ್ತಿದ್ದಾರೆ. ಆ ಕಾರಣಗಳಲ್ಲಿ ಕೆಲವು ಆಸ್ಪತ್ರೆಯಲ್ಲಿವೆ, ಕೆಲವು ರೋಗಿಯ ಕೆಲಸದ ಸ್ಥಳದಲ್ಲಿವೆ. ಆದರೆ ಒಂದು ಪಾಲು ಹೀಗೆ ಮನೆಯವರ ಮಾತಿನಲ್ಲಿಯೂ ಇದೆಯೆಂಬುದು ನಮ್ಮ ಅಭಿಪ್ರಾಯ. ಆದಕಾರಣ ಈ ವಿಷಯವನ್ನು ಗೃಹಸ್ಥರ ಮುಂದಿಡುತ್ತಿದ್ದೇವೆ.

ಬೂದಿ ಮುಚ್ಚಿದ ಕೆಂಡ

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ೧೮೮೨ನೆಯ ಇಸವಿ ಮಾರ್ಚ್ ೨೪ರಂದು ಬರ್ಲಿನ್ ನಗರದಲ್ಲಿ ಲೋಕಕ್ಕೆ ತಿಳಿಯಪಡಿಸಿದನು. ಈ ರೋಗಾಣು ಗಾಳಿಯ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು ಒಳಹೊಕ್ಕ ಕೂಡಲೆ ಎಲ್ಲರಿಗೂ ರೋಗ ಬರುವುದಿಲ್ಲ. ಹೆಚ್ಚಿನವರಲ್ಲಿ ಶರೀರವು ಆ ಕ್ರಿಮಿಗಳ ಸುತ್ತಲೂ ಒಂದು ಕೋಟೆಯನ್ನು ಕಟ್ಟಿ ಅವನ್ನು ಅಡಗಿಸಿಡುತ್ತದೆ. ಅವು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ನಿದ್ರಿಸುತ್ತಿರುತ್ತವೆ. ಇದನ್ನೇ ವೈದ್ಯರು ಸುಪ್ತ ಸೋಂಕು ಎಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಬೂದಿ ಮುಚ್ಚಿದ ಕೆಂಡ.

ಸುಪ್ತ ಸೋಂಕುಳ್ಳವನಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಮೈ ಇಳಿಯುವುದಿಲ್ಲ. ಅವನಿಂದ ಇನ್ನೊಬ್ಬರಿಗೆ ರೋಗ ತಗಲುವುದೂ ಇಲ್ಲ. ಅವನ ಲೋಟ, ತಟ್ಟೆ, ಹಾಸಿಗೆಗಳನ್ನು ಬೇರೆ ಇಡಬೇಕಾದ ಕಾರಣವೇ ಇಲ್ಲ. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಏಕೆಂದರೆ ಕ್ಷಯವೆಂಬ ಶಬ್ದವೊಂದೇ ನಮ್ಮ ಮನೆಗಳಲ್ಲಿ ಬೇಕಾದಷ್ಟು ಕಣ್ಣೀರಿಗೆ ಕಾರಣವಾಗಿದೆ.

ಲೋಕದ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ ಈ ಸೋಂಕು ತಗಲಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜು. ಸೋಂಕು ತಗಲಿದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಆಯುಷ್ಯದಲ್ಲಿ ಎಂದಾದರೂ ರೋಗ ತಲೆಯೆತ್ತುತ್ತದೆ. ಉಳಿದವರು ಏನನ್ನೂ ಅರಿಯದೆಯೇ ತಮ್ಮ ಬಾಳನ್ನು ಮುಗಿಸುತ್ತಾರೆ. ಆದರೆ ಕೆಂಡದ ಮೇಲಿನ ಬೂದಿ ಯಾವಾಗ ಹಾರುವುದೆಂದು ಹೇಳಬಲ್ಲವರಿಲ್ಲ. ಸೋಂಕು ತಗಲಿದ ಮೊದಲ ಎರಡು ವರ್ಷಗಳಲ್ಲಿ ಅಪಾಯ ಹೆಚ್ಚು. ಮಧುಮೇಹ, ಎಚ್.ಐ.ವಿ. ಸೋಂಕು, ಕೀಲುವಾತಕ್ಕೆ ಕೊಡುವ ಕೆಲವು ಹೊಸ ಔಷಧಗಳು, ಮೂತ್ರಪಿಂಡದ ರೋಗ, ಅಪೌಷ್ಟಿಕತೆ, ಹೊಗೆಬತ್ತಿ, ಮದ್ಯ ಇವೆಲ್ಲವೂ ಆ ಬೂದಿಯನ್ನು ಊದುವ ಗಾಳಿಗಳು. ಕೆಂಡವು ಒಮ್ಮೆ ಉರಿಯಾದರೆ ಆರು ತಿಂಗಳ ಕಾಲ ನಾಲ್ಕು ಬಗೆಯ ಔಷಧಗಳ ಚಿಕಿತ್ಸೆ ಬೇಕಾಗುತ್ತದೆ. ಓದು, ಉದ್ಯೋಗಗಳಿಗೆ ವಿಘ್ನ ಒದಗುತ್ತದೆ. ಅದಕ್ಕೂ ಮೊದಲೇ ಕೊಠಡಿಯ ಜೊತೆಗಾರನಿಗೋ, ಕೈಗೂಸಿಗೋ ರೋಗವನ್ನು ಅಂಟಿಸಿರುವ ಸಂಭವವುಂಟು. ಉರಿಯಾಗುವ ಮೊದಲೇ ಕೆಂಡವನ್ನು ಆರಿಸುವುದು ಈ ಗುಳಿಗೆಗಳ ಕೆಲಸ.

ಎದೆಯ ಚಿತ್ರವೂ ರಕ್ತದ ಪರೀಕ್ಷೆಯೂ

೨೦೨೩ರಲ್ಲಿ ಲೋಕದಲ್ಲಿ ಸುಮಾರು ಒಂದು ಕೋಟಿ ಎಂಟು ಲಕ್ಷ ಜನರಿಗೆ ಕ್ಷಯರೋಗ ಬಂದಿತು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ರೋಗ ಬಹಳ ಕಡಮೆ. ಅಲ್ಲಿ ಕಾಣುವ ರೋಗಿಗಳ ಪೈಕಿ ಇಂಗ್ಲೆಂಡಿನಲ್ಲಿ ಐದರಲ್ಲಿ ನಾಲ್ವರು, ಅಮೆರಿಕದಲ್ಲಿ ನಾಲ್ವರಲ್ಲಿ ಮೂವರು ಬೇರೆ ದೇಶಗಳಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ನೆಲಸಿದವರು. ಇದನ್ನು ಕಂಡು ಪರದೇಶದವರು ರೋಗವನ್ನು ಹೊತ್ತು ತರುತ್ತಾರೆಂದು ದೂಷಿಸುವ ಜನವೂ ಅಲ್ಲಿ ಇಲ್ಲದಿಲ್ಲ. ವಾಸ್ತವವಾಗಿ ಇವರಲ್ಲಿ ಹೆಚ್ಚಿನವರು ಹಡಗನ್ನೋ ವಿಮಾನವನ್ನೋ ಹತ್ತುವಾಗ ರೋಗಿಗಳಾಗಿರಲಿಲ್ಲ. ಹಿಂದೆ ಎಂದೋ ತಗಲಿದ ಸೋಂಕು ಹೊಸ ದೇಶದಲ್ಲಿ ಕೆಲವು ವರ್ಷ ಕಳೆದ ಮೇಲೆ ಎಚ್ಚತ್ತುದಾಗಿರುತ್ತದೆ. ಇದರಲ್ಲಿ ಅವರ ಅಪರಾಧವೇನೂ ಇಲ್ಲ.

ಆರು ತಿಂಗಳಿಗಿಂತ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿ ಇರಲು ಹೊರಟ ಭಾರತೀಯರು ಇಲ್ಲಿಯೇ ಎದೆಯ ಕ್ಷ-ಕಿರಣ ಚಿತ್ರ ತೆಗೆಸಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವಿದೆ. ಹಾಸನದ ತಂದೆ ಹೇಳಿದ ಚಿತ್ರ ಇದೇ. ಆದರೆ ಆ ಚಿತ್ರ ಉರಿಯುವ ಬೆಂಕಿಯನ್ನು ಹುಡುಕುತ್ತದೆಯೇ ಹೊರತು ಬೂದಿಯೊಳಗಿನ ಕೆಂಡವನ್ನಲ್ಲ. ಸುಪ್ತ ಸೋಂಕುಳ್ಳವನ ಶ್ವಾಸಕೋಶಗಳು ಚಿತ್ರದಲ್ಲಿ ಸಾಮಾನ್ಯವಾಗಿ ನಿರ್ಮಲವಾಗಿಯೇ ಕಾಣುತ್ತವೆ. ಆದುದರಿಂದ ಇಂಗ್ಲೆಂಡಿನಲ್ಲಿ ೨೦೧೫ರಿಂದ ಇನ್ನೊಂದು ಏರ್ಪಾಡನ್ನು ಮಾಡಿದರು. ಕ್ಷಯ ಹೆಚ್ಚಾಗಿರುವ ದೇಶಗಳಿಂದ ಹಿಂದಿನ ಐದು ವರ್ಷಗಳೊಳಗೆ ಬಂದ, ೧೬ರಿಂದ ೩೫ ವರ್ಷ ವಯಸ್ಸಿನವರನ್ನು ಕರೆದು ರಕ್ತ ಪರೀಕ್ಷೆ ಮಾಡುವುದು. ಸೋಂಕು ಕಂಡರೆ, ರೋಗವಿಲ್ಲವೆಂದು ನಿಶ್ಚಯಿಸಿಕೊಂಡು, ಔಷಧವನ್ನು ಉಚಿತವಾಗಿ ಕೊಡುವುದು. ಈ ರಕ್ತ ಪರೀಕ್ಷೆಯು ಶರೀರದ ರಕ್ಷಕ ಕಣಗಳಿಗೆ ಕ್ಷಯದ ಕ್ರಿಮಿಯ ಪರಿಚಯವಿದೆಯೇ ಎಂಬುದನ್ನು ನೋಡುತ್ತದೆ.

ಇನ್ನು ಬಿ.ಸಿ.ಜಿ.ಯ ಮಾತು. ಹಿಂದಿನಿಂದ ಬಂದ ಚರ್ಮದ ಪರೀಕ್ಷೆಯಲ್ಲಿ, ಬಿ.ಸಿ.ಜಿ. ಹಾಕಿಸಿಕೊಂಡವರ ತೋಳು ಸೋಂಕಿಲ್ಲದೆಯೂ ಊದಿಕೊಳ್ಳುವುದುಂಟು. ಆದಕಾರಣ “ಅದು ಬಿ.ಸಿ.ಜಿ.ಯ ಗುಣ, ಬಿಡಿ” ಎಂದು ಹೇಳುವ ಅಭ್ಯಾಸ ನಮ್ಮವರಲ್ಲಿ ಬೇರೂರಿದೆ. ರಕ್ತ ಪರೀಕ್ಷೆಗೆ ಈ ಗೊಂದಲವಿಲ್ಲ; ಅದು ಬಿ.ಸಿ.ಜಿ.ಯಲ್ಲಿಲ್ಲದ ಅಂಶಗಳನ್ನು ಹಿಡಿದು ನೋಡುತ್ತದೆ. ಬಿ.ಸಿ.ಜಿ. ಎಳೆಯ ಮಕ್ಕಳನ್ನು ಕ್ಷಯದ ಘೋರ ರೂಪಗಳಿಂದ, ಮುಖ್ಯವಾಗಿ ಮಿದುಳಿನ ಪೊರೆಯ ಕ್ಷಯದಿಂದ, ಕಾಪಾಡುತ್ತದೆಂಬುದು ಸತ್ಯ. ಬೆಳೆದವರ ಶ್ವಾಸಕೋಶಕ್ಕೆ ಅದು ನಂಬತಕ್ಕ ಕಾವಲಲ್ಲ. ತೋಳಿನ ಕಲೆಯನ್ನು ನೋಡಿ ಗುಳಿಗೆಯನ್ನು ಬಿಡುವುದು ಸರಿಯಲ್ಲ.

“ನಮ್ಮ ಡಾಕ್ಟರಿಗೆ ತೋರಿಸೋಣ” ಎಂಬ ಮಾತಿಗೂ ಒಂದು ವಿವರಣೆ ಅವಶ್ಯಕ. ನಮ್ಮ ದೇಶದಲ್ಲಿ ಸೋಂಕುಳ್ಳವರು ಕೋಟಿಗಟ್ಟಲೆ ಇರುವುದರಿಂದ, ಬಹುಕಾಲ ಈ ಮುನ್ನೆಚ್ಚರಿಕೆಯ ಚಿಕಿತ್ಸೆಯನ್ನು ಎಳೆಯ ಮಕ್ಕಳಿಗೂ ಎಚ್.ಐ.ವಿ. ಸೋಂಕುಳ್ಳವರಿಗೂ ಮಾತ್ರ ಕೊಡುತ್ತಿದ್ದರು. ಅದನ್ನೇ ಕಂಡು ಬೆಳೆದ ವೈದ್ಯರೊಬ್ಬರು “ಇದು ಎಲ್ಲರಿಗೂ ಇರುವುದೇ, ಬಿಡಿ” ಎಂದರೆ ಆಶ್ಚರ್ಯವಿಲ್ಲ. ಆದರೆ ೨೦೨೧ರಲ್ಲಿ ಭಾರತ ಸರಕಾರದ ಮಾರ್ಗಸೂಚಿಯೇ ಬದಲಾಯಿತು. ಶ್ವಾಸಕೋಶದ ಕ್ಷಯರೋಗಿಯ ಮನೆಯಲ್ಲಿರುವ ಎಲ್ಲ ವಯಸ್ಸಿನವರಿಗೂ, ರೋಗವಿಲ್ಲವೆಂದು ನೋಡಿದ ಮೇಲೆ, ಈ ಚಿಕಿತ್ಸೆಯನ್ನು ಕೊಡಬೇಕೆಂದು ಅದರಲ್ಲಿ ಹೇಳಿದೆ. ಎಂದ ಮೇಲೆ ಇದು ಪರದೇಶದವರ ಅತಿ ಜಾಗ್ರತೆಯೆಂದು ತಳ್ಳಿಹಾಕುವಂತಿಲ್ಲ.

ಗುಳಿಗೆಯ ಬಲವು ಅದನ್ನು ಮುಗಿಸುವುದರಲ್ಲಿದೆ

ಐಸೋನಿಯಾಜಿಡ್ ಎಂಬ ಔಷಧವು ಕ್ಷಯದ ಮೇಲೆ ಕೆಲಸ ಮಾಡುವುದೆಂದು ೧೯೫೨ರಲ್ಲಿ ತಿಳಿದುಬಂದಿತು. ರೋಗವನ್ನು ಗುಣಪಡಿಸುವ ಈ ಔಷಧ ರೋಗ ಬರುವುದನ್ನೂ ತಡೆಯಬಲ್ಲದೆ ಎಂಬ ಪ್ರಶ್ನೆ ಕೆಲವೇ ವರ್ಷಗಳಲ್ಲಿ ಹುಟ್ಟಿತು. ಜಾರ್ಜ್ ಕಾಮ್‌ಸ್ಟಾಕ್ ಎಂಬ ಅಮೆರಿಕದ ವೈದ್ಯರು ೧೯೫೭ರಲ್ಲಿ ಹಿಮಪ್ರದೇಶವಾದ ಅಲಾಸ್ಕಾದ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಲು ತೊಡಗಿದರು. ಅಲ್ಲಿನ ಮೂಲನಿವಾಸಿಗಳಲ್ಲಿ ಕ್ಷಯವು ಭಯಂಕರವಾಗಿ ಹಬ್ಬಿತ್ತು. ಆರೋಗ್ಯವಾಗಿ ಓಡಾಡುವವರು ವರ್ಷವೊಂದರ ಕಾಲ ದಿನವೂ ಗುಳಿಗೆ ನುಂಗಬೇಕೆಂದರೆ ಯಾರು ತಾನೆ ಒಪ್ಪಿಯಾರು? ಕಾಮ್‌ಸ್ಟಾಕರು ತಾವೂ ಆ ಗುಳಿಗೆಯನ್ನು ಸೇವಿಸಿದರು. ತಮ್ಮ ಮನೆಯವರಿಗೂ ಕೊಟ್ಟರು. ಅಲ್ಲಿ ರೋಗವು ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿತು. ಅದರ ಫಲ ಹತ್ತೊಂಬತ್ತು ವರ್ಷಗಳ ಮೇಲೂ ಉಳಿದಿತ್ತು. ವೈದ್ಯನು ತನ್ನ ಮನೆಯವರಿಗೆ ಕೊಟ್ಟ ಔಷಧವೆಂಬ ನಂಬಿಕೆಗಿಂತ ದೊಡ್ಡ ಪ್ರಚಾರ ಬೇರೊಂದಿಲ್ಲ.

ಎಷ್ಟು ಕಾಲ ಸೇವಿಸಿದರೆ ಎಷ್ಟು ಫಲವೆಂಬುದನ್ನು ಯೂರೋಪಿನ ಏಳು ದೇಶಗಳಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆ ತೋರಿಸಿಕೊಟ್ಟಿತು. ಶ್ವಾಸಕೋಶದಲ್ಲಿ ಹಳೆಯ ಕಲೆಗಳಿದ್ದ ಸುಮಾರು ೨೮,೦೦೦ ಜನರು ಅದರಲ್ಲಿ ಸೇರಿದ್ದರು. ಫಲಿತಾಂಶ ೧೯೮೨ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ಚಿಕಿತ್ಸೆಗೆ ನೇಮಿಸಲ್ಪಟ್ಟವರಲ್ಲಿ ರೋಗವು ನೂರಕ್ಕೆ ೨೧ರಷ್ಟು ತಗ್ಗಿತು. ಇಪ್ಪತ್ತನಾಲ್ಕು ವಾರಗಳವರಲ್ಲಿ ೬೫ರಷ್ಟು. ಐವತ್ತೆರಡು ವಾರಗಳವರಲ್ಲಿ ೭೫ರಷ್ಟು. ಈ ಕೊನೆಯ ಗುಂಪಿನಲ್ಲಿ ಹೇಳಿದಂತೆ ನಡೆದು ಚಿಕಿತ್ಸೆಯನ್ನು ಮುಗಿಸಿದವರನ್ನು ಮಾತ್ರ ತೆಗೆದುಕೊಂಡರೆ ೯೩ರಷ್ಟು. ವಾಚಕರು ಈ ಅಂಕೆಗಳನ್ನು ಮತ್ತೊಮ್ಮೆ ನೋಡಬೇಕು. ಔಷಧ ಒಂದೇ, ಸೇವಿಸಿದ ಕಾಲ ಮತ್ತು ನಿಷ್ಠೆಗಳು ಬೇರೆ. ಸಾಲದ ಶೇಷ, ಬೆಂಕಿಯ ಶೇಷ, ರೋಗದ ಶೇಷ ಇವನ್ನು ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಲ್ಲಿ ಲೆಕ್ಕದಿಂದಲೇ ಸ್ಥಿರಪಟ್ಟಿತು.

ನಡುದಾರಿಯಲ್ಲಿ ನಿಲ್ಲುವವರು

ಇಷ್ಟು ಫಲವುಳ್ಳ ಚಿಕಿತ್ಸೆಯನ್ನು ಜನರು ಏಕೆ ಮುಗಿಸುವುದಿಲ್ಲ? ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಒಂದು ಲೆಕ್ಕ ೨೦೧೬ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾಗಬೇಕಾದ ನೂರು ಸೋಂಕಿತರು ಇದ್ದಾರೆಂದು ಇಟ್ಟುಕೊಳ್ಳಿ. ಅವರಲ್ಲಿ ಸುಮಾರು ೭೨ ಜನರ ಪರೀಕ್ಷೆ ಮುಗಿಯುತ್ತದೆ. ೪೪ ಜನ ವೈದ್ಯರ ಪೂರ್ಣ ತಪಾಸಣೆಯನ್ನು ದಾಟುತ್ತಾರೆ. ೩೧ ಜನ ಗುಳಿಗೆಯನ್ನು ಆರಂಭಿಸುತ್ತಾರೆ. ೧೯ ಜನ ಮುಗಿಸುತ್ತಾರೆ. ಗುಳಿಗೆಯನ್ನು ನಡುವೆ ಬಿಟ್ಟವರು ಹನ್ನೆರಡು ಜನ; ಗುಳಿಗೆಯ ಮುಖವನ್ನೇ ಕಾಣದವರು ಅರವತ್ತೊಂಬತ್ತು ಜನ. ಎಂದ ಮೇಲೆ ದೋಷವನ್ನೆಲ್ಲಾ ರೋಗಿಯ ಸೋಮಾರಿತನದ ಮೇಲೆ ಹೊರಿಸುವುದು ನ್ಯಾಯವಲ್ಲ. ಕರೆಯದ ಆಸ್ಪತ್ರೆ, ತಡವಾಗುವ ವೈದ್ಯರ ಭೇಟಿ, ಅರ್ಥವಾಗದ ಕಾಗದ ಇವೂ ಪಾಲುಗಾರರೇ.

ಹೊಸ ದೇಶದಲ್ಲಿ ಕಾಲೂರುತ್ತಿರುವವರಿಗೆ ತೊಡಕುಗಳು ಇನ್ನೂ ಹೆಚ್ಚು. ರಾತ್ರಿ ಪಾಳಿಯಲ್ಲಿ ದುಡಿಯುವವನಿಗೆ ಹಗಲು ಹತ್ತು ಗಂಟೆಯ ಆಸ್ಪತ್ರೆಗೆ ಹೋದರೆ ಒಂದು ದಿನದ ನಿದ್ದೆಯೋ ಕೂಲಿಯೋ ಹೋಯಿತು. ಭಾಷೆಯನ್ನು ಅರೆಬರೆ ಬಲ್ಲವರು ವೈದ್ಯರು ಹೇಳಿದುದಕ್ಕೆಲ್ಲಾ ತಲೆದೂಗಿ, ಮನೆಗೆ ಬಂದು ಏನನ್ನೂ ಮಾಡದಿರುತ್ತಾರೆ. ನಾಲ್ಕು ಜನ ಒಂದೇ ಕೊಠಡಿಯಲ್ಲಿರುವ ಕಡೆ, ಕ್ಷಯದ ಔಷಧವನ್ನು ಜೊತೆಗಾರರು ಕಂಡರೆ ಏನೆಂದುಕೊಂಡಾರೋ ಎಂದು ಬಚ್ಚಿಟ್ಟು, ಬಚ್ಚಿಟ್ಟುದನ್ನು ಮರೆಯುತ್ತಾರೆ. ಮದುವೆಯ ಮಾತುಕತೆ ನಡೆಯುತ್ತಿರುವ ಹೆಣ್ಣುಮಗಳಿದ್ದರಂತೂ ಮನೆಯವರೇ “ಈಗ ಬೇಡ, ಆಮೇಲೆ ನೋಡೋಣ” ಎನ್ನುವುದುಂಟು.

ಇನ್ನೊಂದು ಭಯ ರಹದಾರಿಯದು. ಕೊಲ್ಲಿ ರಾಜ್ಯಗಳಿಗೆ ಕೆಲಸಕ್ಕೆ ಹೋಗುವವರ ಎದೆಯ ಚಿತ್ರದಲ್ಲಿ ಕ್ಷಯದ ಗುರುತು ಕಂಡರೆ ಅನರ್ಹರೆಂದು ಹಿಂದಕ್ಕೆ ಕಳುಹಿಸುವುದನ್ನು ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳವರು ಚೆನ್ನಾಗಿ ಬಲ್ಲರು. ಆ ಅನುಭವದಿಂದಾಗಿ, ಯಾವ ದೇಶದಲ್ಲಿಯೇ ಆಗಲಿ ಕ್ಷಯವೆಂಬ ಮಾತು ಕಾಗದದ ಮೇಲೆ ಬಂದರೆ ಅನ್ನಕ್ಕೆ ಕಲ್ಲು ಬಿದ್ದಂತೆಯೇ ಎಂಬ ಭಾವನೆ ಬೆಳೆದಿದೆ. ಆದರೆ ಇಂಗ್ಲೆಂಡಿನಲ್ಲಿ ಹೊಸಬರಿಗೆ ಮಾಡುವ ರಕ್ತ ಪರೀಕ್ಷೆ ಚಿಕಿತ್ಸೆಗಾಗಿ ಏರ್ಪಟ್ಟದ್ದು, ಹೊರಹಾಕುವುದಕ್ಕಾಗಿ ಅಲ್ಲ. ಅಲ್ಲಿ ಕ್ಷಯದ ಚಿಕಿತ್ಸೆಯು ಯಾವ ದೇಶದವರಿಗಾದರೂ, ಅವರ ರಹದಾರಿ ಯಾವ ಸ್ಥಿತಿಯಲ್ಲಿದ್ದರೂ ಉಚಿತ. ಸುಪ್ತ ಸೋಂಕು ಹರಡುವ ರೋಗವಲ್ಲವಾದುದರಿಂದ ಪಾಠಶಾಲೆಗಾಗಲಿ ಕೆಲಸಕ್ಕಾಗಲಿ ಒಂದು ದಿನವೂ ತಪ್ಪಿಸಿಕೊಳ್ಳಬೇಕಾದುದಿಲ್ಲ.

ಔಷಧದ ಉಪದ್ರವಗಳ ಹೆದರಿಕೆಯೂ ಇದೆ. ಇದು ಪೂರ್ತಿ ನಿರಾಧಾರವಲ್ಲ. ಐಸೋನಿಯಾಜಿಡ್ ಕೆಲವರ ಯಕೃತ್ತಿಗೆ ತೊಂದರೆ ಕೊಡುತ್ತದೆ. ವಯಸ್ಸಾದಂತೆ, ಮದ್ಯಪಾನವಿದ್ದಲ್ಲಿ, ಇದು ಹೆಚ್ಚು. ಊಟ ಸೇರದಿರುವುದು, ಓಕರಿಕೆ, ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪು ಬಣ್ಣಕ್ಕೆ ತಿರುಗುವುದು ಕಂಡರೆ ಔಷಧವನ್ನು ನಿಲ್ಲಿಸಿ ಕೂಡಲೆ ವೈದ್ಯರನ್ನು ಕಾಣಬೇಕು. ಕೈಕಾಲು ಜೋಮು ಹಿಡಿಯದಂತೆ ಇದರೊಡನೆ ಬಿ-೬ ಎಂಬ ಜೀವಸತ್ವವನ್ನು ಕೊಡುವುದುಂಟು. ರಿಫಾಂಪಿಸಿನ್ ಎಂಬ ಇನ್ನೊಂದು ಔಷಧದಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆಯ ಬಣ್ಣಕ್ಕೆ ತಿರುಗುತ್ತವೆ. ಇದನ್ನು ಕಂಡು ರಕ್ತವೆಂದು ಬೆದರಿ ಗುಳಿಗೆ ಬಿಟ್ಟವರಿದ್ದಾರೆ, ಅದು ನಿರಪಾಯಕರ. ಆದರೆ ಸಂತಾನ ನಿಯಂತ್ರಣದ ಗುಳಿಗೆಗಳ ಶಕ್ತಿಯನ್ನು ರಿಫಾಂಪಿಸಿನ್ ಕುಂದಿಸುತ್ತದೆ. ಬೇರೆ ಅನೇಕ ಔಷಧಗಳ ಬಲವನ್ನೂ ಬದಲಾಯಿಸುತ್ತದೆ. ಆದುದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಊರಿನಿಂದ ಒಯ್ದ ಕಷಾಯ, ಲೇಹ್ಯಗಳನ್ನೂ ಸಹ, ಅಲ್ಲಿನ ವೈದ್ಯರಿಗೆ ಮರೆಮಾಡದೆ ಹೇಳಬೇಕು.

ನಮ್ಮವರಿಗೇ ವಿಶೇಷವಾದ ಎರಡು ಸಂಕಟಗಳನ್ನೂ ಹೇಳಿಬಿಡುತ್ತೇವೆ. ಕೆಲವು ಔಷಧಗಳು ಜೆಲಟಿನ್ ಕೋಶಗಳಲ್ಲಿ ಬರುತ್ತವೆ. ಜೆಲಟಿನ್ ಪ್ರಾಣಿಜನ್ಯ ಪದಾರ್ಥ. ಶಾಕಾಹಾರಿಗಳು ಇದನ್ನು ತಿಳಿದು ಬಾಯಿಬಿಡದೆ ಔಷಧವನ್ನೇ ತೊರೆಯುತ್ತಾರೆ. ಬಾಯಿಬಿಟ್ಟು ಕೇಳಿದರೆ ಬಿಲ್ಲೆಯ ರೂಪವನ್ನೋ ದ್ರವರೂಪವನ್ನೋ ಬೇರೊಂದು ಔಷಧವನ್ನೋ ಗೊತ್ತುಮಾಡುವ ಸಾಧ್ಯತೆಯಿದೆ. ಉಪವಾಸದ ವಿಚಾರವೂ ಹೀಗೆಯೇ. ದಿನಕ್ಕೊಮ್ಮೆ ಸೇವಿಸುವ ಔಷಧವಾದುದರಿಂದ ರಂಜಾನ್ ತಿಂಗಳಲ್ಲಿ ಬೆಳಗಿನ ಜಾವಕ್ಕೂ, ಏಕಾದಶಿಯ ದಿನ ಅನುಕೂಲವಾದ ಹೊತ್ತಿಗೂ ವೇಳೆಯನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಬಹುದು.

ಕಾಲವನ್ನು ಕಿರಿದು ಮಾಡಿದ ಬಗೆ

ಜನರನ್ನು ಗದರಿಸುವುದರ ಬದಲು ಚಿಕಿತ್ಸೆಯನ್ನೇ ಸುಲಭ ಮಾಡಿದರೇನೆಂದು ವೈದ್ಯರು ಯೋಚಿಸಿದುದು ಸ್ತುತ್ಯವಾದುದು. ಹಿಂದೆ ಐಸೋನಿಯಾಜಿಡ್ ಒಂದನ್ನೇ ಆರು ಅಥವಾ ಒಂಬತ್ತು ತಿಂಗಳು ದಿನವೂ ಸೇವಿಸಬೇಕಾಗಿತ್ತು. ಈಗ ರಿಫಾಂಪಿಸಿನ್ ನಾಲ್ಕು ತಿಂಗಳು. ಅಥವಾ ಎರಡೂ ಸೇರಿ ಮೂರು ತಿಂಗಳು. ಅಥವಾ ಐಸೋನಿಯಾಜಿಡ್ ಜೊತೆಗೆ ರಿಫಾಪೆಂಟಿನ್ ಎಂಬುದನ್ನು ವಾರಕ್ಕೊಮ್ಮೆಯಂತೆ ಹನ್ನೆರಡೇ ಸಲ. ಹೀಗೆ ಹಲವು ದಾರಿಗಳಿವೆ. ಯಾರಿಗೆ ಯಾವುದು ತಕ್ಕುದೆಂಬುದನ್ನು ವೈದ್ಯರು ನಿರ್ಣಯಿಸುತ್ತಾರೆ.

ಕಿರಿದಾದ ದಾರಿಯನ್ನು ಹೆಚ್ಚು ಜನ ನಡೆದು ಮುಗಿಸುತ್ತಾರೆಂಬುದು ಪರೀಕ್ಷೆಗಳಿಂದ ತಿಳಿದಿದೆ. ೨೦೧೧ರಲ್ಲಿ ಪ್ರಕಟವಾದ ಒಂದರಲ್ಲಿ, ಒಂಬತ್ತು ತಿಂಗಳ ಕ್ರಮವನ್ನು ಮುಗಿಸಿದವರು ನೂರಕ್ಕೆ ೬೯ ಜನ. ಮೇಲ್ವಿಚಾರಣೆಯಲ್ಲಿ ಹನ್ನೆರಡು ವಾರಗಳ ಕ್ರಮವನ್ನು ಮುಗಿಸಿದವರು ೮೨ ಜನ. ೨೦೧೮ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಒಂಬತ್ತು ತಿಂಗಳ ಕ್ರಮಕ್ಕೆ ೬೩ ಜನ, ನಾಲ್ಕು ತಿಂಗಳ ರಿಫಾಂಪಿಸಿನ್ ಕ್ರಮಕ್ಕೆ ೭೯ ಜನ. ರೋಗವನ್ನು ತಡೆಯುವುದರಲ್ಲಿ ಕಿರಿದಾದ ಕ್ರಮಗಳು ಹಿಂದೆ ಬೀಳಲಿಲ್ಲ. ಯಕೃತ್ತಿನ ಉಪದ್ರವವೂ ಕಡಮೆಯಾಯಿತು.

ಮತ್ತೊಂದು ಪರೀಕ್ಷೆ ನಮಗೆ ಇನ್ನೂ ಸ್ವಾರಸ್ಯವಾಗಿ ಕಂಡಿತು. ವಾರಕ್ಕೊಮ್ಮೆಯ ಚಿಕಿತ್ಸೆಯನ್ನು ಕೆಲವರಿಗೆ ದಾದಿಯ ಕಣ್ಣೆದುರಿನಲ್ಲಿ ಕೊಟ್ಟರು. ಕೆಲವರು ತಮ್ಮಷ್ಟಕ್ಕೆ ತಾವೇ ಸೇವಿಸಿದರು. ಇನ್ನು ಕೆಲವರಿಗೆ ದೂರವಾಣಿಯಲ್ಲಿ ಜ್ಞಾಪನೆಯ ಸಂದೇಶವನ್ನು ಕಳುಹಿಸಿದರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಣ್ಣೆದುರಿನಲ್ಲಿ ಸೇವಿಸಿದವರಲ್ಲಿ ೮೭ ಜನ ಮುಗಿಸಿದರು. ತಾವೇ ಸೇವಿಸಿದವರಲ್ಲಿ ೭೪. ಸಂದೇಶ ಪಡೆದವರಲ್ಲಿ ೭೬. ತಾವಾಗಿಯೇ ನಡೆದು ಮುಗಿಸಿದವರು ನಾಲ್ವರಲ್ಲಿ ಮೂವರು ಎಂಬುದು ಸಮಾಧಾನದ ಸಂಗತಿ. ಆದರೆ ಯಂತ್ರದ ಜ್ಞಾಪನೆಯಿಂದ ಹೆಚ್ಚಿನ ಲಾಭವಾಗಲಿಲ್ಲ. ಎದುರಿಗೆ ಒಬ್ಬ ಮನುಷ್ಯರಿದ್ದುದರಿಂದ ಆಯಿತು.

ಮನೆಯವರ ಪಾಲು

ಎದುರಿಗೆ ಇರುವ ಆ ಮನುಷ್ಯರು ದಾದಿಯೇ ಆಗಬೇಕೆ? ಕ್ಷಯರೋಗಿಯನ್ನು ಆರೋಗ್ಯಧಾಮದಲ್ಲಿ ಇಟ್ಟರಲ್ಲದೆ ಗುಣವಾಗದೆಂದು ಲೋಕವೆಲ್ಲಾ ನಂಬಿದ್ದ ಕಾಲದಲ್ಲಿ, ಮದರಾಸಿನಲ್ಲಿ ೧೯೫೬ರಿಂದ ಒಂದು ಪರೀಕ್ಷೆ ನಡೆಯಿತು. ೧೯೩ ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ ಆರೋಗ್ಯಧಾಮದಲ್ಲಿಯೂ ಉಳಿದವರಿಗೆ ಇಕ್ಕಟ್ಟಾದ ಅವರವರ ಮನೆಗಳಲ್ಲಿಯೂ ಒಂದೇ ಔಷಧವನ್ನು ಕೊಟ್ಟರು. ಮನೆಯ ಬಡ ಊಟ, ಮನೆಯ ಗಲಾಟೆ ಎಲ್ಲವೂ ಇದ್ದಾಗಲೂ ಮನೆಯಲ್ಲಿದ್ದವರು ಹೆಚ್ಚು ಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರೆಂದು ೧೯೫೯ರಲ್ಲಿ ಪ್ರಕಟವಾಯಿತು. ಲೋಕದಲ್ಲಿ ಆರೋಗ್ಯಧಾಮಗಳ ಬಾಗಿಲು ಮುಚ್ಚಲು ಇದೂ ಒಂದು ಕಾರಣ. ಅಲ್ಲಿ ನೋಡಿದುದು ರೋಗದ ಚಿಕಿತ್ಸೆಯನ್ನೇ ಹೊರತು ಸುಪ್ತ ಸೋಂಕಿನದನ್ನಲ್ಲ. ಆದರೂ ಸರಿಯಾದ ಔಷಧವಿದ್ದರೆ ಮನೆಯೇ ಚಿಕಿತ್ಸೆಯ ಸ್ಥಳವಾಗಬಲ್ಲದೆಂಬುದು ನಮ್ಮ ನೆರೆಯ ಊರಿನಲ್ಲಿಯೇ ಸಿದ್ಧವಾಯಿತು.

ಈಗ ಮನೆಯು ಎರಡು ಖಂಡಗಳಲ್ಲಿ ಹರಡಿಕೊಂಡಿರುವುದರಿಂದ ಮನೆಯವರ ಕೆಲಸ ಮಾತಿನಿಂದಲೇ ಆಗಬೇಕು. ಮಕ್ಕಳಿಂದ ಇಂತಹ ಸುದ್ದಿ ಬಂದಾಗ “ಬೇಡ” ಎನ್ನುವುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಗಳು ಕೆಲವಿವೆ. ಮಾಡಿದ್ದು ಚರ್ಮದ ಪರೀಕ್ಷೆಯೋ ರಕ್ತದ ಪರೀಕ್ಷೆಯೋ? ರೋಗವಿಲ್ಲವೆಂದು ಎದೆಯ ಚಿತ್ರ ನೋಡಿದರೇ? ಯಾವ ಔಷಧ, ಎಷ್ಟು ಕಾಲ? ಯಕೃತ್ತಿನ ಪರೀಕ್ಷೆ ಯಾವಾಗ? ಭಾಷೆ ತೊಡಕಾದರೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ದುಭಾಷಿಯನ್ನು ಉಚಿತವಾಗಿ ಒದಗಿಸುತ್ತಾರೆ. ಕನ್ನಡದವರು ಬೇಕೆಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಇಲ್ಲಿನ ವೈದ್ಯರ ಅಭಿಪ್ರಾಯ ಬೇಕಾದರೆ ಅಲ್ಲಿನ ಪರೀಕ್ಷೆಯ ಕಾಗದವನ್ನು ತರಿಸಿ ತೋರಿಸಬೇಕು. ಬಾಯಿಮಾತಿನಿಂದ ನಿರ್ಣಯ ಪಡೆಯಬಾರದು.

ಊರಿಗೆ ಬರುವ ಸಂದರ್ಭವು ಚಿಕಿತ್ಸೆ ಮುರಿಯುವ ದೊಡ್ಡ ಸಂಧಿ. ತಂಗಿಯ ಮದುವೆಗೆಂದು ಬಂದವನು ಒಂದು ತಿಂಗಳ ಗುಳಿಗೆಯನ್ನು ಅಲ್ಲಿಯೇ ಮರೆತು ಬರುತ್ತಾನೆ. ಹಿಂದಿರುಗಿದ ಮೇಲೆ ನಾಚಿಕೆಯಿಂದ ಆಸ್ಪತ್ರೆಯ ಕಡೆಗೆ ಸುಳಿಯುವುದಿಲ್ಲ. ಕೆಲವು ದಿನ ತಪ್ಪಿದ ಮಾತ್ರಕ್ಕೆ ಎಲ್ಲವೂ ಕೆಟ್ಟಿತೆಂದು ತಿಳಿಯಬಾರದು. ಅಮೆರಿಕದ ವೈದ್ಯರು ಅನುಸರಿಸುವ ನಿಯಮದಂತೆ, ನಾಲ್ಕು ತಿಂಗಳ ರಿಫಾಂಪಿಸಿನ್ ಕ್ರಮದ ೧೨೦ ಸೇವನೆಗಳನ್ನು ಆರು ತಿಂಗಳೊಳಗೆ, ಒಂಬತ್ತು ತಿಂಗಳ ಐಸೋನಿಯಾಜಿಡ್ ಕ್ರಮದ ೨೭೦ ಸೇವನೆಗಳನ್ನು ಹನ್ನೆರಡು ತಿಂಗಳೊಳಗೆ ಮುಗಿಸಿದರೆ ಚಿಕಿತ್ಸೆ ಪೂರ್ಣವಾದಂತೆಯೇ. ತಪ್ಪಿದುದನ್ನು ಮುಚ್ಚಿಡದೆ ಹೇಳಿದರೆ ವೈದ್ಯರು ಮುಂದಿನ ದಾರಿಯನ್ನು ತೋರಿಸುತ್ತಾರೆ. ಎರಡು ದಿನದ ಗುಳಿಗೆಯನ್ನು ಒಂದೇ ದಿನ ನುಂಗಿ ಲೆಕ್ಕ ಸರಿಮಾಡುವುದು ಮಾತ್ರ ಸರ್ವಥಾ ಕೂಡದು.

ಇನ್ನೊಂದು ಮಾತನ್ನು ಹಿರಿಯರಲ್ಲಿ ವಿನಯದಿಂದ ವಿಜ್ಞಾಪಿಸುತ್ತೇವೆ. ಮಗನ ಸೋಂಕಿನ ಸಂಗತಿ ಮಗನದು. ಅದ ನ್ನು ಬಂಧುಬಳಗದಲ್ಲಿ ಹರಡುವುದು ಬೇಡ; ಹಾಗೆಂದು ಮನೆಯೊಳಗೆ ಪಿಸುಮಾತಿನ ವಿಷಯವನ್ನಾಗಿ ಮಾಡುವುದೂ ಬೇಡ. ಅಪರಾಧಿಯನ್ನು ವಿಚಾರಿಸುವಂತೆ “ನುಂಗಿದೆಯಾ, ಇಲ್ಲವಾ?” ಎಂದು ದಿನವೂ ಕಾಡಿದರೆ, ನುಂಗದಿದ್ದರೂ ನುಂಗಿದೆನೆನ್ನುವ ಅಭ್ಯಾಸವಾದೀತು.

ಹಾಸನದ ಆ ಮನೆಯ ಮಾತುಕತೆಯನ್ನು ನಾವು ಇನ್ನೊಂದು ಬಗೆಯಾಗಿಯೂ ಊಹಿಸಿಕೊಳ್ಳಬಹುದು. ಮಗನ ಸುದ್ದಿಯನ್ನು ಕೇಳಿ ತಾಯಿ ಗಾಬರಿಗೊಳ್ಳುತ್ತಾರೆ. ತಂದೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಕಾಗದವನ್ನು ತರಿಸಿ ಓದಿಸುತ್ತಾರೆ. ಮುಂದಿನ ಭಾನುವಾರ ತಾಯಿ ಹೇಳುತ್ತಾರೆ: “ನಾನು ರಾತ್ರಿ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವ ಹೊತ್ತಿಗೆ ನಿನಗೆ ಇನ್ನೂ ಮಧ್ಯಾಹ್ನವಂತೆ. ಆಗ ಒಂದು ಸಲ ಕೂಗುತ್ತೇನೆ ಕಂದ. ಇಬ್ಬರೂ ಒಟ್ಟಿಗೆ ತೆಗೆದುಕೊಂಡುಬಿಡೋಣ.” ಮೂರು ತಿಂಗಳೆಂದರೆ ಹನ್ನೆರಡೋ ಹದಿಮೂರೋ ಭಾನುವಾರಗಳು. ಅಷ್ಟು ಭಾನುವಾರಗಳು ಕಳೆದರೆ ಮಗನ ಮೇಜಿನ ಸೆಳೆಖಾನೆಯಲ್ಲಿ ಉಳಿಯುವುದು ಬರಿಯ ಪೆಟ್ಟಿಗೆ.